ಎಲೆ ಅಡಿಕೆ ಕೊಟ್ಟು ನಡೆಯಲು ಕರೆದದ್ದು

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಚಿತ್ರದುರ್ಗದ ನಮ್ಮ ಗಾಣದ ಬೀದಿಯಿಂದ ಎರಡು ಸೈಕಲ್ಲುಗಳು ಹೊರಟವು. ಒಂದು ನನ್ನದು, ಮುಂದೆ ಬುಟ್ಟಿಯಿರುವ ಹಳೆಯ ಲೇಡೀಸ್ ಸೈಕಲ್ಲು. ಇನ್ನೊಂದು ನಾಗರಾಜನದು. ಅವನು ನಮ್ಮ ಬೀದಿಯ ತುದಿಯಲ್ಲಿ ಸೈಕಲ್ ಶಾಪ್ ಇಟ್ಟಿರುವವನು, ಆದ್ದರಿಂದ ಅವನದಕ್ಕೆ ಗೇರು, ಹಿಂದೆ ಕೆಂಪು ದೀಪ, ಎಲ್ಲ ಇತ್ತು. ನನ್ನ ಬುಟ್ಟಿಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ಒಂದು ಪೊಟ್ಟಣ ಅಡಿಕೆ, ಕುಂಕುಮದ ಭರಣಿ. ಮಾರ್ಗಶಿರದ ಚಳಿಗೆ ಕಿವಿ ಮುಚ್ಚುವಂತೆ ಸೆರಗು ಬಿಗಿದುಕೊಂಡಿದ್ದೆ. ಹಾಲಿನವನು ಗಾಡಿ ನಿಲ್ಲಿಸಿ, "ಯಾರ ಮದುವೆ ಗೌರಮ್ಮಾರೇ?" ಎಂದು ಕೇಳಿದ. "ನಮ್ಮ ಬೀದೀದು ಕಣಪ್ಪ" ಎಂದೆ.

ತಮಾಷೆಗೆ ಹೇಳಿದ್ದಲ್ಲ. ನಮ್ಮ ಬೀದಿಯಲ್ಲಿ ಮನುಷ್ಯರು ನಡೆಯುವ ಹಾಗಿಲ್ಲ. ಫುಟ್‌ಪಾತ್ ಅಂತ ಒಂದಿದೆ. ಅದರ ಮೇಲೆ ಕೊಟ್ರಪ್ಪನ ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ಸರಳು, ಸಿಮೆಂಟಿನ ಚೀಲ, ಅದರಾಚೆ ಸಾಲಾಗಿ ನಿಲ್ಲಿಸಿದ ಬೈಕು. ಹೋದ ವರ್ಷ ಎದುರು ಮನೆಯ ಶಾಂತಕ್ಕ ಆ ಸರಳುಗಳನ್ನು ತಪ್ಪಿಸಿ ರಸ್ತೆಗೆ ಇಳಿದಾಗ ಬೈಕೊಂದು ಗುದ್ದಿ ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿತು, ಡಾಕ್ಟರು ನಡೀರಿ ಎಂದರು. ಆದರೆ ದಿನಾ ಸಂಜೆ ಸಂತೆಹೊಂಡದವರೆಗೆ ಹೋಗಿ ಬರುತ್ತಿದ್ದ ಆ ಹೆಂಗಸು ಅಂದಿನಿಂದ ಮನೆ ಮುಂದಿನ ಕಟ್ಟೆ ಬಿಟ್ಟು ಇಳಿದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತು ಬೀದಿ ನೋಡುತ್ತಾಳೆ. ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ನಾನು ಇಷ್ಟೆಲ್ಲ ಹಾರಾಡುತ್ತಿರುವುದು ಅವಳು ಇನ್ನೊಮ್ಮೆ ಆ ಕಟ್ಟೆ ಇಳಿದು ನಡೆಯಲಿ ಎಂದು. ಊರು, ನಾಗರಿಕತೆ, ಪರಿಸರ ಎಂದೆಲ್ಲ ಭಾಷಣ ಮಾಡುವವರು ನಮ್ಮ ಗುಂಪಿನಲ್ಲಿ ಬೇರೆ ಇದ್ದಾರೆ.

ನಾವು ಐದಾರು ಮಂದಿ ನಗರಸಭೆಗೆ ಅಲೆದೂ ಅಲೆದೂ ಕೊನೆಗೆ ಒಬ್ಬ ಅಧಿಕಾರಿ ಒಪ್ಪಿದರು. "ಬರೋ ಭಾನುವಾರ ಬೆಳಿಗ್ಗೆ ಬೀದಿಗೆ ಗಾಡಿ ಬಿಡಲ್ಲ. ನಾನೇ ಬಂದು ನೋಡ್ತೀನಿ. ಜನ ನಡೆದ್ರೆ ಪ್ರತಿ ಭಾನುವಾರ ಮಾಡಾಣ, ಫುಟ್‌ಪಾತೂ ಬಿಡಿಸಾಣ. ಯಾರೂ ಬರ್ಲಿಲ್ಲ ಅಂದ್ರೆ ಮತ್ತೆ ನನ್ನ ಹತ್ರ ಬರ್ಬ್ಯಾಡ್ರಿ" ಎಂದರು. ಹಿಂದೊಮ್ಮೆ ಹೀಗೇ ವಾಟ್ಸ್ಯಾಪಿನಲ್ಲಿ ಜನರನ್ನು ಕರೆದಿದ್ದೆವು. ಹೆಬ್ಬೆರಳು ಎತ್ತಿ ತೋರಿಸಿದವರಿಗೆ ಲೆಕ್ಕವಿಲ್ಲ. ಬಂದವರು ನಾವು ಐದಾರು ಮಂದಿ ಮತ್ತು ಬೀದಿಯ ಕೆಂಚ ನಾಯಿ.

ನಾನು ಮೂವತ್ತು ವರ್ಷ ಮದುವೆ ರವಿಕೆ ಹೊಲಿದವಳು. ಕೂತಲ್ಲೇ ಅಷ್ಟು ವರ್ಷ ಪೆಡಲ್ ತುಳಿದೆ, ಒಂದು ಗೇಣೂ ಮುಂದೆ ಹೋಗಲಿಲ್ಲ. ಮಿಷನ್ ಮಗಳಿಗೆ ಕೊಟ್ಟು ಸೈಕಲ್ ಕಲಿತದ್ದು ಆ ಸಿಟ್ಟಿಗೇ. ಮದುವೆ ಮನೆಗಳ ಸಹವಾಸದಿಂದ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು: ನಮ್ಮ ಕಡೆ ಬಾಗಿಲಿಗೆ ಹೋಗಿ, ಕುಂಕುಮವಿಟ್ಟು, ಎಲೆ ಅಡಿಕೆ ಕೈಗೆ ಕೊಟ್ಟು, "ಬರಬೇಕು" ಎಂದರೆ ಮಾತ್ರ ಕರೆದ ಹಾಗೆ. ಆಮೇಲೆ ಬರದಿದ್ದರೆ ತಪ್ಪು ಅವರದು. ಮದುವೆಗೆ ನಡೆಯುವುದು ನಡಿಗೆಗೆ ಯಾಕೆ ನಡೆಯಬಾರದು? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೂ ನಮ್ಮಂತೆಯೇ ಫುಟ್‌ಪಾತಿಗೆ ಬಡಿದಾಡುವ ಮಂದಿ ಇದ್ದಾರೆ. ಅವರು ನಮ್ಮದಕ್ಕೆ ಬಂದರೆ ನಾಳೆ ನಾವು ಅವರದಕ್ಕೆ ಹೋಗಿ ಮುಯ್ಯಿ ತೀರಿಸುವುದು. ಕಾರಿನಲ್ಲಿ ಹೋಗಿ ನಡೆಯಲು ಬನ್ನಿ ಎಂದರೆ ಜನ ನಕ್ಕಾರು, ಅದಕ್ಕೇ ಸೈಕಲ್ಲು.

ನಮ್ಮ ಬೀದಿಯನ್ನು ಸೋಮವಾರ, ಮಂಗಳವಾರವೇ ಕರೆದು ಮುಗಿಸಿದ್ದೆ. ಕೊಟ್ರಪ್ಪನ ಮನೆಯೊಂದನ್ನು ಬಿಟ್ಟೆ, ಬೇಕೆಂದೇ ಬಿಟ್ಟೆ. ಅವನ ಮುಖ ನೋಡಿದರೇ ನನಗೆ ಮೈ ಉರಿಯುತ್ತಿತ್ತು.

ಹೊರಡುವಾಗ ಶಾಂತಕ್ಕ ಶಾಲು ಹೊದ್ದು ಕಟ್ಟೆಯ ಮೇಲೆ ಬಂದು ಕೂತಿದ್ದಳು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕೈಗೆ ಕೊಟ್ಟಳು.

"ಎಲ್ಲಾರ್ನೂ ಕರಿಯಾಕೆ ಹೊಂಟ್ಯಾ ಗೌರಿ?" ಎಂದಳು.

"ಎಲ್ಲಾರ್ನೂ ಕಣಕ್ಕ. ಮೂರು ಊರು!"

"ಆಗ್ಲಿ ಬಿಡು, ಹೋಗ್ಬಾ" ಎಂದು ಶಾಲನ್ನು ಇನ್ನಷ್ಟು ಎಳೆದುಕೊಂಡಳು.

ಹಿರಿಯೂರು ನಲವತ್ತು ಕಿಲೋಮೀಟರ್. ಹೆದ್ದಾರಿಯ ಅಂಚು ಹಿಡಿದು ಹೋದೆವು. ಒಂದೊಂದು ಲಾರಿ ದಾಟಿದಾಗಲೂ ಗಾಳಿ ಸೈಕಲ್ಲನ್ನು ಒಮ್ಮೆ ಒಳಗೆಳೆದು ಮತ್ತೆ ಹೊರಗೆ ನೂಕುತ್ತಿತ್ತು. ಮೊದಮೊದಲು ದೇವರ ಹೆಸರು ಹೇಳಿದೆ, ಆಮೇಲೆ ಬೈಯುವುದು ರೂಢಿಯಾಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ತಿರುಗುತ್ತಿದ್ದವು. ಐಮಂಗಲದಲ್ಲಿ ನಿಂತು ಇಡ್ಲಿ ತಿಂದು ಚಹಾ ಕುಡಿದೆವು. ಹೋಟೆಲಿನಾತ ನನ್ನ ಸೈಕಲ್ಲನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಹೆಂಗಸ್ರಿಗೆ ಬಸ್ಸು ಫ್ರೀ ಐತಲ್ರೀ ಅಮ್ಮಾ?" ಎಂದ. ಅವನಿಗೆ ನನ್ನ ಮೇಲೆ ನಿಜಕ್ಕೂ ಕನಿಕರ ಹುಟ್ಟಿತ್ತು.

ಹಿರಿಯೂರಿನಲ್ಲಿ ಯಶೋದಾಳ ಮನೆ. ಅವಳ ಮದುವೆ ರವಿಕೆ ನಾನೇ ಹೊಲಿದದ್ದು. ಅವಳ ಗಂಡ ತಿಪ್ಪೇಸ್ವಾಮಿ ತೆಂಗಿನಕಾಯಿ ವ್ಯಾಪಾರಿ. ಬೆಳಗಿನ ಹೊತ್ತು ಒಟ್ಟಿಗೆ ನಡೆಯುವ ಗಂಡಸರ ಗುಂಪೊಂದಕ್ಕೆ ಅವನೇ ಮುಖಂಡ. ಬಸ್‌ಸ್ಟ್ಯಾಂಡಿನ ಮುಂದೆ ರಸ್ತೆ ದಾಟಲು ಬಿಳಿ ಪಟ್ಟಿ ಬಳಿಸಬೇಕೆಂದು ಅವರೂ ಓಡಾಡುತ್ತಿದ್ದರು. ಹೋದವರಿಗೆ ಎಳನೀರು ಕೆತ್ತಿ ಕೊಟ್ಟ. ನಾನು ಅವನ ಕೈಗೆ ಎಲೆ ಅಡಿಕೆ ಕೊಟ್ಟು, "ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ನಡೆಯಾಕೆ ಬರ್ಬೇಕು" ಎಂದೆ. ಕೆಲಸ ಮುಗಿಯಿತೆಂದು ಭರಣಿ ಮುಚ್ಚುತ್ತಿದ್ದೆ, ಒಳಗಿನಿಂದ ಯಶೋದಾಳ ಅತ್ತೆಯ ದನಿ ಬಂತು.

"ಏನಮ್ಮಾ, ಗಂಡಸ್ರನ್ನ ಕರೆದು ಹೊಂಟೇಬಿಟ್ರಲ್ಲ! ನಾವೇನು ನಡಿಯಲ್ವಾ?"

ನಾಗರಾಜ ನನ್ನ ಮುಖ ನೋಡಿ ಕಿಸಕ್ಕನೆ ನಕ್ಕ. ಅಯ್ಯೋ ಶಿವನೇ, ಮೂವತ್ತು ವರ್ಷ ಹೆಂಗಸರ ನಡುವೆ ಬದುಕಿದವಳು ನಾನು! ಒಳಗೆ ಹೋಗಿ ಅತ್ತೆಗೂ ಸೊಸೆಗೂ ಕುಂಕುಮವಿಟ್ಟು ಕರೆದೆ. ಅತ್ತೆ ನನ್ನನ್ನು ಅಷ್ಟಕ್ಕೇ ಬಿಡಲಿಲ್ಲ. ಕೈ ಹಿಡಿದುಕೊಂಡು ಅಕ್ಕಪಕ್ಕದ ಮನೆಗಳಿಗೂ ಕರೆದೊಯ್ದಳು. "ಇವ್ರು ದುರ್ಗದಿಂದ ಸೈಕಲ್ ತುಳ್ಕಂಡು ಬಂದವ್ರೆ ಕಣ್ರೇ. ಬಸ್ಸು ಹೆಂಗೂ ಫ್ರೀ, ಆಧಾರ್ ಕಾರ್ಡ್ ಎತ್ಕಂಡು ಹೋಗಾಣ" ಎಂದು ಎಲ್ಲ ಕಡೆ ಅವಳೇ ಹೇಳಿದಳು. ಆ ದಿನ ಅಲ್ಲೇ ಉಳಿದೆವು. ಮುದ್ದೆ, ಅವರೆಕಾಳಿನ ಸಾರು ಉಂಡು ಮಲಗಿದ್ದಷ್ಟೇ ಗೊತ್ತು.

ಗುರುವಾರ ಹೊಸದುರ್ಗದ ದಾರಿ, ಐವತ್ತರ ಮೇಲೆ ಕಿಲೋಮೀಟರ್. ಹೆದ್ದಾರಿ ಬಿಟ್ಟದ್ದೇ ಕಿವಿಗೆ ನೆಮ್ಮದಿಯಾಯಿತು. ಮಾರಿಕಣಿವೆಯಲ್ಲಿ ಸೈಕಲ್ ನಿಲ್ಲಿಸಿ ಎರಡು ಗುಡ್ಡಗಳ ನಡುವೆ ನಿಂತ ನೀರನ್ನು ನೋಡುತ್ತಾ ಶಾಂತಕ್ಕನ ರೊಟ್ಟಿಯಲ್ಲಿ ಉಳಿದದ್ದನ್ನು ತಿಂದೆವು. ರೊಟ್ಟಿ ಗಟ್ಟಿಯಾಗಿತ್ತು, ಚಟ್ನಿ ಮಾತ್ರ ಹಾಗೇ ಇತ್ತು. ಅಲ್ಲಿಂದ ಮುಂದೆ ಏರು. ನಾಗರಾಜ ಗೇರು ಬದಲಿಸುತ್ತಾ ಹೋದ. ನಾನು ಇಳಿದು ನೂಕುತ್ತಾ ಹೋದೆ. "ಗೇರಿಂದು ಕೊಡ್ತೀನಿ ಅಂದ್ರೆ ಬ್ಯಾಡ ಅಂದ್ರಿ" ಎಂದು ಅವನು ಹಂಗಿಸಿದ. "ನಡಿಯಾಕೆ ಕರಿಯೋಳು ಸ್ವಲ್ಪ ನಡೀಲಿ ಬಿಡೋ" ಎಂದೆ. ಉಸಿರು ಇಷ್ಟೇ ಇಷ್ಟು ಉಳಿದಿತ್ತು.

ಏರಿನ ತುದಿಯಲ್ಲಿ ಕುರಿ ಹಿಂಡೊಂದು ರಸ್ತೆ ತುಂಬ ಬಂತು. ಕಂಬಳಿ ಹೊದ್ದ ಕುರಿಗಾಹಿ ಬುಟ್ಟಿಯಲ್ಲಿನ ಎಲೆ ನೋಡಿ, "ಯಾವ ಊರ ಮದುವೆ ತಾಯಿ?" ಎಂದು ಕೇಳಿದ. ಮದುವೆಯಲ್ಲ, ಜನರನ್ನು ನಡೆಯಲು ಕರೆಯುತ್ತಿದ್ದೇವೆ ಎಂದು ನಾಗರಾಜ ಹೇಳಿದ. ಕುರಿಗಾಹಿಗೆ ನಗು ತಡೆಯಲಾಗಲಿಲ್ಲ.

"ನಡಿಯಾಕೂ ಕರೀಬೇಕಾ? ನಾವು ಹುಟ್ಟಿದಾಗ್ಲಿಂದ ಅದೇ ಮಾಡ್ತಿದೀವಿ, ಒಬ್ರೂ ಎಲೆ ಕೊಡ್ಲಿಲ್ಲ!"

ನಾನು ಎಲೆ ಅಡಿಕೆ ತೆಗೆದು ಅವನ ಕೈಗಿಟ್ಟೆ. ನಗು ನಿಲ್ಲಿಸಿಬಿಟ್ಟ. ಕೋಲನ್ನು ಕಂಕುಳಿಗೆ ಸಿಕ್ಕಿಸಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. "ಬರಾಕಾಗಲ್ಲ ತಾಯಿ, ಕುರಿ ಅವೆ. ಆದ್ರೆ ಕರೆದ್ರಲ್ಲ, ಅದು ದೊಡ್ದು" ಎಂದ. ಹಿಂಡು ಇಳಿದು ಹೋಗುವವರೆಗೆ ನಾವು ರಸ್ತೆಯ ಪಕ್ಕ ನಿಂತೆವು. ಹಿಂದೆ ಬಂದ ಕಾರಿನವನು ಹಾರ್ನ್ ಒತ್ತೇ ಒತ್ತಿದ.

ಹೊಸದುರ್ಗ ತಲುಪಿದಾಗ ಹೊತ್ತು ಇಳಿದಿತ್ತು. ಅಲ್ಲಿ ಬಸವರಾಜ್ ಎಂಬ ಕಾಲೇಜು ಮೇಷ್ಟ್ರ ಮನೆ. ದಿನಾ ಸೈಕಲ್ಲಿನಲ್ಲೇ ಕಾಲೇಜಿಗೆ ಹೋಗುವವರು. ಸ್ನೇಹಿತರ ಜೊತೆ ಸೇರಿ ಸ್ವಂತ ಖರ್ಚಿನಲ್ಲಿ ಬಣ್ಣ ತಂದು ಪೇಟೆ ರಸ್ತೆಯ ಅಂಚಿಗೆ ಬಿಳಿ ಗೆರೆ ಎಳೆದಿದ್ದರು. ಗೆರೆಯಿಂದಾಚೆ ಗಾಡಿಗಳು, ಈಚೆ ನಡೆಯುವವರು. ಸಂಜೆ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಲ್ಲಿ ಮಾಸಿತ್ತು, ಆದರೂ ಹೆಣ್ಣುಮಕ್ಕಳು ಪುಸ್ತಕ ಅವುಚಿಕೊಂಡು ಅದರೊಳಗೇ ನಡೆಯುತ್ತಿದ್ದರು. ಒಂದು ಆಟೋ ಕೂಡ ಗೆರೆ ದಾಟಿ ನಿಂತಿರಲಿಲ್ಲ. ನನಗೆ ಆಶ್ಚರ್ಯ.

"ಹೆಂಗೆ ಸಾರ್ ಒಪ್ಪಿಸಿದ್ರಿ ಇವ್ರನ್ನ?" ಎಂದೆ.

"ಒಪ್ಪಿಸ್ಲಿಲ್ಲ ಮೇಡಂ, ಕರೆದ್ವಿ. ಗೆರೆ ಎಳೆಯೋ ದಿನ ಹಗ್ಗದ ಒಂದು ತುದಿ ಆಟೋದವ್ರ ಕೈಗೇ ಕೊಟ್ವಿ. ತಾವೇ ಎಳೆದ ಗೆರೆ ತಾವೇ ಹೆಂಗೆ ದಾಟ್ತಾರೆ?" ಎಂದು ನಕ್ಕು, "ನಿಮ್ಮ ಬೀದೀಲಿ ಆ ಸರಳು ಇಟ್ಟೋರು ಬರ್ತಾರಾ?" ಎಂದು ಕೇಳಿದರು.

"ಅವನನ್ನ ನಾನು ಕರೆದಿಲ್ಲ."

"ಯಾಕೆ?"

"ಯಾಕೆ ಅಂದ್ರೆ? ಅವನಿಂದ ಒಬ್ಬಳು ವರ್ಷದಿಂದ ಮೂಲೆ ಹಿಡಿದವಳೆ. ಒಂದಿನ ಬಂದು ಹೆಂಗಿದೀಯಾ ಅಂತ ಕೇಳ್ಲಿಲ್ಲ. ಅಂಥೋನ ಬಾಗಿಲಿಗೆ ನಾನು ಕುಂಕುಮ ಎತ್ಕಂಡು ಹೋಗ್ಬೇಕಾ?"

ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಆಟೋದವರು ತಿರುಗಿ ನೋಡಿದರು. ಮೇಷ್ಟ್ರು ಮತ್ತೆ ಆ ಮಾತೆತ್ತಲಿಲ್ಲ. ಮಂಡಕ್ಕಿ ಮಿರ್ಚಿ ಕೊಡಿಸಿದರು, ಮುಯ್ಯಿಗೆ ಸೈಕಲ್ ಗುಂಪು ಕಟ್ಟಿಕೊಂಡು ಬರುತ್ತೇವೆಂದು ಎಲೆ ತೆಗೆದುಕೊಂಡರು. ಮಿರ್ಚಿ ಚೆನ್ನಾಗಿತ್ತು. ಆದರೂ ಅರ್ಧಕ್ಕೇ ಬಿಟ್ಟೆ, ಅವರು ಹೇಳಿದ್ದು ಸರಿಯೆಂದು ಗೊತ್ತಿತ್ತಲ್ಲ.

ಶುಕ್ರವಾರ ಹೊಳಲ್ಕೆರೆಗೆ ಮೂವತ್ತು ಕಿಲೋಮೀಟರ್ ಅಷ್ಟೇ. ತೊಡೆಗಳು ಗಟ್ಟಿ ಹಿಡಿದಿದ್ದವು, ಆದರೂ ಊಟದ ಹೊತ್ತಿಗೆ ಮುಟ್ಟಿದೆವು. ಬಯಲಿನಲ್ಲಿ ಕೂತಿರುವ ಗಣಪನಿಗೆ ಕೈ ಮುಗಿದು ಪರಮೇಶಣ್ಣನ ಮನೆ ಹುಡುಕಿದೆವು. ಪರಮೇಶಣ್ಣ ನಿವೃತ್ತ ಬಸ್ ಕಂಡಕ್ಟರ್, ಹಿಂದೆ ದುರ್ಗದಲ್ಲಿದ್ದಾಗ ನಮ್ಮ ಗುಂಪಿನವನೇ. ನಮ್ಮವನೇ ಅಲ್ಲವಾ ಎಂದು ಹೋದ ವಾರವೇ ಅವನಿಗೆ ಫೋನಿನಲ್ಲಿ ಹೇಳಿದ್ದೆ. ಹೋದಾಗ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. ಪೇಪರ್ ಕೆಳಗಿಳಿಸಲಿಲ್ಲ.

"ಭಾನುವಾರ ಬರ್ತೀಯಲ್ಲಣ್ಣ?" ಎಂದೆ.

"ನಂಗೇನು ಗೊತ್ತು?"

"ಅಯ್ಯೋ, ಫೋನ್ ಮಾಡಿ ಹೇಳಿದ್ನಲ್ಲ!"

ಪೇಪರ್ ಸರ್ರನೆ ಕೆಳಗೆ ಬಂತು. "ಫೋನು ಗ್ಯಾಸಿನೋರೂ ಮಾಡ್ತಾರೆ, ಬ್ಯಾಂಕಿನೋರೂ ಮಾಡ್ತಾರೆ. ಹಿರಿಯೂರಿಗೆ, ಹೊಸದುರ್ಗಕ್ಕೆ ಸೈಕಲ್ ಹೊಡ್ಕಂಡು ಹೋಗಿ ಎಲೆ ಕೊಟ್ಟೆಯಂತೆ. ನಮಗೆ ಫೋನಾ? ನಮ್ಮೋರು ಅಂದ್ರೆ ಕರೀದಿದ್ರೂ ಬಾಲ ಅಲ್ಲಾಡಿಸ್ಕಂಡು ಬರ್ಬೇಕಾ?"

ಅವನ ಹೆಂಡತಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅವನಿಗೆ ಮಾತ್ರ ಕಣ್ಣು ಕೆಂಪಾಗಿತ್ತು. ನಿಜವಾಗಿ ನೊಂದುಕೊಂಡಿದ್ದ. ನಾನು ಎದ್ದು ಅಂಗಳಕ್ಕೆ ಇಳಿದೆ. ಹೊರಗಿನಿಂದ ಮತ್ತೆ ಒಳಗೆ ಬಂದು ಅತ್ತಿಗೆಗೆ ಕುಂಕುಮವಿಟ್ಟೆ, ಅವನ ಕೈಗೆ ಎಲೆ ಅಡಿಕೆ ಇಟ್ಟು, "ಅಣ್ಣ, ನೀನು ಬಂದು ನಡೆಸಿಕೊಡ್ಬೇಕು" ಎಂದೆ. "ಹ್ಞೂಂ, ಈಗ ಕುಂತ್ಕಳ್ರಿ, ಊಟ ಮಾಡ್ರಿ" ಎಂದು ತಾನೇ ಚಾಪೆ ಹಾಸಿದ. ಊಟವಿಡೀ ಬಸ್ಸಿನ ಕಥೆಗಳೇ.

ಶನಿವಾರ ಚಿತ್ರಹಳ್ಳಿ ಗೇಟಿನ ದಾರಿಯಲ್ಲಿ ಹಿಂತಿರುಗಿದೆವು. ಎದುರು ಗಾಳಿ, ಮಾತಿಗೆ ಉಸಿರಿರಲಿಲ್ಲ. ಪರಮೇಶಣ್ಣನ ಕೆಂಪು ಕಣ್ಣು ಮನಸ್ಸಿನಿಂದ ಹೋಗಲಿಲ್ಲ. ಒಬ್ಬ ಸ್ನೇಹಿತನನ್ನು ಬಿಟ್ಟರೇ ಅಷ್ಟು ನೋವು. ಇಡೀ ಬೀದಿಗೆ ಎಲೆ ಕೊಟ್ಟು ಒಂದೇ ಬಾಗಿಲನ್ನು ದಾಟಿ ಹೋದರೆ ಆ ಮನೆಯವರಿಗೆ ಹೇಗಾಗಿರಬೇಡ? ಕೋಟೆಯ ಬಂಡೆಗಳು ಕಾಣುವ ಹೊತ್ತಿಗೆ ನಿರ್ಧಾರ ಮಾಡಿದ್ದೆ. ಬುಟ್ಟಿಯಲ್ಲಿ ಕೊನೆಯ ಎರಡೆಲೆ ಉಳಿದಿದ್ದವು. ಮನೆಗೆ ಹೋದರೆ ಮನಸ್ಸು ಬದಲಾದೀತೆಂದು ಸೀದಾ ಕೊಟ್ರಪ್ಪನ ಅಂಗಡಿಯ ಮುಂದೆ ಇಳಿದೆ.

ಅವನು ತಕ್ಕಡಿಯಲ್ಲಿ ಮೊಳೆ ತೂಗುತ್ತಿದ್ದ. "ಈಗ ನೆನಪಾಯ್ತಾ ಗೌರಮ್ಮಾರೇ? ನಮ್ಮನೆಯೋಳು ಎರಡು ದಿನ ಬಾಗಿಲಿಗೆ ರಂಗೋಲಿ ಹಾಕಿ ಕಾದ್ಲು" ಎಂದ. ಅಂಗಡಿ ಹಿಂದಿನ ಮನೆಯಿಂದ ಅವನ ಹೆಂಡತಿಯನ್ನು ಕರೆದೆ. ಅವಳಿಗೆ ಕುಂಕುಮವಿಟ್ಟು ಅವನಿಗೆ ಎಲೆ ಕೊಟ್ಟೆ. ಅವನು ಎಲೆಗಳನ್ನು ತಿರುಗಿಸಿ ನೋಡಿ ಅಂಗಿಯ ಜೇಬಿಗೆ ಇಟ್ಟುಕೊಂಡ. "ನೋಡಾಣ" ಎಂದಷ್ಟೇ ಹೇಳಿದ.

ಭಾನುವಾರ ಬಾಗಿಲು ತೆಗೆದು ನೋಡಿದರೆ ಅವನ ಅಂಗಡಿ ಮುಂದೆ ಒಂದು ಸರಳೂ ಇರಲಿಲ್ಲ. ಫುಟ್‌ಪಾತಿನ ಕಲ್ಲುಗಳಿಗೆ ನೀರು ಹಾಕಿ ತೊಳೆದಿದ್ದರು. ಆ ಕಲ್ಲುಗಳ ಬಣ್ಣವನ್ನೇ ನಾನು ಮರೆತಿದ್ದೆ. ಹಿರಿಯೂರಿನ ಬಸ್ಸಿನಿಂದ ಯಶೋದಾಳ ಅತ್ತೆ ತನ್ನ ಸೈನ್ಯದೊಂದಿಗೆ ಇಳಿದಳು. ಹೊಸದುರ್ಗದ ಸೈಕಲ್ಲುಗಳು ಬಂದವು. ಪರಮೇಶಣ್ಣ ಸೀಟಿ ಊದುತ್ತಾ ಬಂದು ಜನರನ್ನು ಬಸ್ಸಿಗೆ ಹತ್ತಿಸುವವನ ಹಾಗೆ ಸಾಲು ಮಾಡಿಸತೊಡಗಿದ. ಅಧಿಕಾರಿ ಬೀದಿಯ ತುದಿಯಲ್ಲೇ ಜೀಪು ಬಿಟ್ಟು ನಡೆದು ಬಂದರು. ಬೀದಿ ತುಂಬಿತ್ತು.

ಶಾಂತಕ್ಕ ಕಟ್ಟೆಯ ಮೇಲೆ ಇಸ್ತ್ರಿ ಸೀರೆ ಉಟ್ಟು, ತಲೆ ಬಾಚಿ, ಊರುಗೋಲು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಎಲ್ಲರೂ ಬಾರಕ್ಕ, ಬಾರಕ್ಕ ಎಂದು ಕೂಗಿದರು. ಅವಳು ಕದಲಲಿಲ್ಲ. ಹತ್ತಿರ ಹೋಗಿ, "ಭಯ ಆಗ್ತೈತಾ ಅಕ್ಕ?" ಎಂದು ಮೆಲ್ಲಗೆ ಕೇಳಿದೆ.

"ಭಯ ಎಂಥದೇ?" ಎಂದಳು.

"ಮತ್ತೆ ಯಾಕೆ ಕುಂತಿದೀಯಾ?"

ಅವಳು ನನ್ನನ್ನು ನೋಡಲಿಲ್ಲ, ಬೀದಿ ನೋಡಿದಳು. "ಮೂರು ಊರು ಕರೆದು ಬಂದೆ. ಕುರಿ ಕಾಯೋನಿಗೂ ಎಲೆ ಕೊಟ್ಟೆಯಂತೆ, ನಾಗರಾಜ ಹೇಳ್ದ. ಈ ಬಾಗಿಲಿಗೆ ಯಾವಾಗ ಬಂದೆ?"

ದಿನಕ್ಕೆ ನಾಲ್ಕು ಸಲ ಹೋಗುವ ಮನೆ. ಕರೆಯಬೇಕೆಂದು ಹೊಳೆಯಲೇ ಇಲ್ಲ. ಅವಳಿಗೋಸ್ಕರ ಅಷ್ಟು ದೂರ ತುಳಿದಿದ್ದೆ, ಅವಳನ್ನೇ ಕರೆದಿರಲಿಲ್ಲ. ನನ್ನ ಬುಟ್ಟಿಯಲ್ಲಿ ಒಂದೆಲೆಯೂ ಉಳಿದಿರಲಿಲ್ಲ. ಅಳು ಬಂದುಬಿಟ್ಟಿತು.

ಹಿಂದಿನಿಂದ ಯಾರೋ ನನ್ನ ಭುಜ ಮುಟ್ಟಿದರು. ಕೊಟ್ರಪ್ಪನ ಹೆಂಡತಿ. ಬಂದವರಿಗೆ ಕೊಡಲೆಂದು ತಂದ ಅವಳ ತಟ್ಟೆಯಲ್ಲಿ ಹಸಿರೆಲೆ, ಅಡಿಕೆ, ಕುಂಕುಮ ಇದ್ದವು. ಅವಳ ಹಿಂದೆ ಕೊಟ್ರಪ್ಪ. ಒಂದು ವರ್ಷ ಆ ಮನೆಯ ಕಡೆ ತಲೆ ಹಾಕದವನು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತ. ನಾನು ತಟ್ಟೆ ತೆಗೆದುಕೊಂಡು ಶಾಂತಕ್ಕನಿಗೆ ಕುಂಕುಮವಿಟ್ಟೆ. ಎಲೆ ಕೊಡಲು ಹೋದಾಗ ಅವನು ಕೈ ಚಾಚಿದ. ಅವನ ಕೈಗೆ ಕೊಟ್ಟೆ.

"ಶಾಂತಕ್ಕ, ನಮ್ಮಂಗಡಿ ಮುಂದೆ ನಡಿಯಾಕೆ ಬರ್ಬೇಕು" ಎಂದ.

ಶಾಂತಕ್ಕ ಅವನು ಕೆಳಗೆ ಬಿಟ್ಟ ಚಪ್ಪಲಿಯ ಕಡೆ ನೋಡಿದಳು. ಆಮೇಲೆ ಎಲೆ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಕೋಲು ಊರಿ ಒಂದು ಮೆಟ್ಟಿಲು ಇಳಿದಳು, ಇನ್ನೊಂದು ಇಳಿದಳು. ನಾನು ಕೊಟ್ಟ ಕೈ ಬೇಡ ಎಂದಳು. ಪರಮೇಶಣ್ಣ ಸೀಟಿ ಊದುವುದನ್ನು ಮರೆತು ನಿಂತುಬಿಟ್ಟ. ಜನ ಎರಡೂ ಕಡೆ ಸರಿದರು. ಅವಳು ರಸ್ತೆ ದಾಟಿ ತೊಳೆದ ಫುಟ್‌ಪಾತನ್ನು ಹತ್ತಿ, ಕೋಲನ್ನು ಕಲ್ಲಿನ ಮೇಲೆ ಟಕ್ ಟಕ್ ಎನ್ನಿಸುತ್ತಾ ಹಾರ್ಡ್‌ವೇರ್ ಅಂಗಡಿಯನ್ನು ದಾಟಿದಳು. ನಾನು ಕಣ್ಣೊರೆಸಿಕೊಳ್ಳುತ್ತಾ ಕಟ್ಟೆಯ ಹತ್ತಿರವೇ ನಿಂತಿದ್ದೆ. ಸಂತೆಹೊಂಡದ ಕಡೆ ತಿರುಗುವ ಮೂಲೆಯಲ್ಲಿ ಅವಳು ನಿಂತು ಹಿಂತಿರುಗಿ ನೋಡಿದಳು.

"ಏನೇ ಗೌರಿ, ನಿನಗೂ ಎಲೆ ಕೊಟ್ಟು ಕರೀಬೇಕಾ? ಬಾರೇ!"